ಎರಡು ಚುಕ್ಕಿಯ ಸೀಲು

ಊರಿನ ಡೀಸೆಲ್ ಪಂಪುಗಳಿಗೆಲ್ಲ ಜೀವ ಕೊಡುವ ಸೊಸೆಗೆ ತನ್ನ ಮನೆಯ ಅಂಗಳದಲ್ಲಿ ನಿಂತ ಲಾರಿಯ ಪಂಪನ್ನು ಮುಟ್ಟುವ ಹಕ್ಕಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಗಾದೆ ಬಂದು ಬಾಡಿಗೆಗೆ ನಿಂತಿದ್ದೇ ಆ ಮನೆಯಲ್ಲಿ. ಗಾಡಿಯ ಎಂಜಿನ್ನಿಗೆ ಡೀಸೆಲ್ ಊಡಿಸುವ ಪಂಪುಗಳನ್ನು ರಿಪೇರಿ ಮಾಡುವ, ಅಪ್ಪನಿಂದ ಬಂದ ಅಂಗಡಿ ಅವಳದು. ಟ್ರ್ಯಾಕ್ಟರಾಗಲಿ ಬಸ್ಸಾಗಲಿ, ರಸ್ತೆಯ ಆ ತುದಿಯಲ್ಲಿ ಕೆಮ್ಮಿದರೆ ಈ ತುದಿಯಲ್ಲಿ ಕೂತು ರೋಗ ಹೇಳುತ್ತಿದ್ದಳು. ಆದರೆ ಮಾವನ ಲಾರಿಯ ಬಾನೆಟ್ಟಿಗೆ ಬೀಗ, ಬೀಗದ ಕೀಲಿ ಮಾವನ ಸೊಂಟದಲ್ಲಿ.

ಮಾವ ಇಪ್ಪತ್ತು ವರ್ಷ ಸೈನ್ಯದಲ್ಲಿ ಲಾರಿ ಓಡಿಸಿದವರು. ಡ್ರೈವರಾಗಿ ಸೇರಿ ಡ್ರೈವರಾಗಿಯೇ ಹೊರಬಿದ್ದರೂ ಊರವರ ಬಾಯಲ್ಲಿ ಅವರು ಕಮಾಂಡರ್. ತಾವು ಓಡಿಸಿದ ಲಾರಿಯೇ ಹರಾಜಿಗೆ ಬಂದಾಗ ಬಿಡದೆ ಕೊಂಡುತಂದು ಅಂಗಳದಲ್ಲಿ ನಿಲ್ಲಿಸಿದ್ದರು. ಅದಕ್ಕೆ ಆನೆ ಎಂದು ಹೆಸರು. ಆನೆ ಎನ್ನುವುದೆಲ್ಲ ಮೈಗೆ ಮಾತ್ರ, ಎಳೆಯುವುದರಲ್ಲಿ ಅದು ಆಡಿಗಿಂತ ಕಡೆ. ಹಾಸಿಗೆ, ಕುರ್ಚಿ, ಖಾಲಿ ಡ್ರಮ್ಮು ಹೇರಿದರೆ ಗತ್ತಿನಿಂದ ಹೋಗುತ್ತಿತ್ತು. ಸ್ವಲ್ಪ ಭಾರ ಹಾಕಿದರೆ ಏದುಸಿರು ಬಿಡುತ್ತಿತ್ತು.

ಸೊಸೆಗೆ ಕಾರಣ ಗೊತ್ತಿತ್ತು, ಔಷಧವೂ ಗೊತ್ತಿತ್ತು. ಪಂಪಿನ ಹಿಂಭಾಗದಲ್ಲಿ ಬೆರಳುದ್ದದ ಒಂದು ಸ್ಕ್ರೂ ಇರುತ್ತದೆ. ಎಂಜಿನ್ನಿಗೆ ಹೆಚ್ಚೆಂದರೆ ಎಷ್ಟು ಡೀಸೆಲ್ ಹೋಗಬೇಕು ಎನ್ನುವುದನ್ನು ಅದೇ ತೀರ್ಮಾನಿಸುವುದು. ಒಳಗೆ ತಿರುಗಿಸಿದರೆ ಎಳೆತ ಹೆಚ್ಚುತ್ತದೆ, ಅತಿಯಾಸೆಯಿಂದ ತಿರುಗಿಸಿದರೆ ಎಂಜಿನ್ನೇ ಸುಟ್ಟು ಕೂರುತ್ತದೆ. ಯಾರೂ ತಿರುಗಿಸದಿರಲೆಂದು ಆನೆಯ ಸ್ಕ್ರೂಗೆ ತಂತಿ ಸುತ್ತಿ, ತುದಿಗೆ ಸೀಸದ ಬಿಲ್ಲೆ ಒತ್ತಿದ್ದರು. ಬಿಲ್ಲೆಯ ಮೇಲೆ ಎರಡು ಚುಕ್ಕಿ. ಆ ಚುಕ್ಕಿಗಳ ಕಥೆ ಊರಿಗೆಲ್ಲ ಬಾಯಿಪಾಠ.

"ಒಂದು ಚುಕ್ಕಿ ದೇಶಕ್ಕೆ, ಒಂದು ಚುಕ್ಕಿ ಡ್ಯೂಟಿಗೆ. ಇದು ಸರ್ಕಾರದ ಸೀಲು. ಇದನ್ನ ಒಡೆಯೋನೂ ಒಂದೇ, ಹೆತ್ತ ತಾಯಿಗೆ ಸುಳ್ಳು ಹೇಳೋನೂ ಒಂದೇ" ಎಂದು ಮಾವ ಬಾನೆಟ್ ಎತ್ತಿ ಮೂರು ಮಾರು ದೂರದಿಂದಲೇ ತೋರಿಸುತ್ತಿದ್ದರು. ಮುಟ್ಟಲು ಹೋದವರ ಕೈಗೆ ಏಟು ಬೀಳುತ್ತಿತ್ತು.

ಆ ಬೆಳಿಗ್ಗೆ ಮಾತ್ರ ಆನೆಯ ಮಾನ ಹೋಯಿತು. ಕಲ್ಲುಗಣಿಯಲ್ಲಿ ಕೆಳಗಿನಿಂದ ಮೇಲಕ್ಕೆ ಕಲ್ಲು ಎಳೆಯುವ ಕೆಲಸವಿತ್ತು, ವರ್ಷವಿಡೀ ಸಿಗುವ ಕೆಲಸ. ಪರೀಕ್ಷೆಗೆಂದು ಹಿಂದೆ ಟ್ರೇಲರು ಕಟ್ಟಿ, ಅದರ ಮೇಲೆ ಎಮ್ಮೆ ಗಾತ್ರದ ನಾಲ್ಕು ಕಲ್ಲು ಹೇರಿದರು. ಅರ್ಧ ಏರಿಗೆ ಆನೆ ನಿಂತಿತು. ನಿಂತಿದ್ದರೆ ಪರವಾಗಿರಲಿಲ್ಲ, ಹಿಂದಕ್ಕೂ ಜಾರಿತು. ಕೆಲಸಗಾರರು ಚಕ್ರಕ್ಕೆ ಕಲ್ಲು ಕೊಟ್ಟು ಮಾನ ಉಳಿಸಿದರು ಅನ್ನಿ, ಉಳಿಯುವಷ್ಟು ಇದ್ದರೆ.

ಗಣಿಯ ಮ್ಯಾನೇಜರು ಒಳ್ಳೆಯ ಮಾತಿನ ಮನುಷ್ಯ. "ಕಮಾಂಡರೇ, ಸಂಜೆ ನಾಲ್ಕಕ್ಕೆ ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಬೇರೆ ಗಾಡಿಗೆ ಹೇಳ್ತೀನಿ" ಎಂದರು.

ಮಾವ ಸುಮ್ಮನಿರಬಾರದಿತ್ತೆ? ಅಷ್ಟು ಜನರೆದುರು ಎದೆ ಸೆಟೆದು, "ನಾಲ್ಕಕ್ಕೂ ಎಳೀಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಇದನ್ನ ಗುಜರಿಗೆ ಹಾಕ್ತೀನಿ! ನನ್ನ ಮಾತು ಅಂದ್ರೆ ಮಾತು" ಅಂದುಬಿಟ್ಟರು. ಅಂದಮೇಲೆ ಅವರ ಗದ್ದ ನಡುಗಿದ್ದು ಜೊತೆಗೆ ಬಂದಿದ್ದ ಸೊಸೆಯ ಕಣ್ಣಿಗೆ ಬಿತ್ತು. ಮದುವೆಯಾದ ವಾರದಲ್ಲೇ ಅವಳ ತವರಿಗೆ ಆನೆಯನ್ನು ಓಡಿಸಿಕೊಂಡು ಹೋಗಿ, ಪಂಪು ಪರೀಕ್ಷಿಸುವ ಅಷ್ಟು ಭಾರದ ಟೆಸ್ಟ್ ಬೆಂಚನ್ನು ಹೇರಿಕೊಂಡು ಬಂದವರು ಇದೇ ಮಾವ. "ಸೊಸೆ ಬಂದ್ಮೇಲೆ ಸೊಸೆ ಕೆಲಸಾನೂ ಬರ್ಬೇಕು" ಎಂದಿದ್ದರು. ಎಂಟು ಗಂಟೆಯ ದಾರಿಗೆ ಆನೆ ಎರಡು ದಿನ ತೆಗೆದುಕೊಂಡಿತ್ತು. ಆ ಆನೆ ಗುಜರಿಗೆ ಹೋದರೆ ಮಾವನೂ ಅರ್ಧ ಹೋದ ಹಾಗೆಯೇ.

ಮನೆಗೆ ಬಂದು ಅವಳು ಅನುಮತಿ ಇದ್ದದ್ದನ್ನೆಲ್ಲ ಮಾಡಿದಳು. ಗಾಳಿಯ ಫಿಲ್ಟರು ತೊಳೆದಳು, ಡೀಸೆಲ್ ಫಿಲ್ಟರು ಬದಲಿಸಿದಳು, ಟ್ಯಾಂಕಿನ ತಳದ ನೀರು ಬಸಿದಳು. ಮಾವ ಪಕ್ಕದಲ್ಲೇ ಕಾವಲು ನಿಂತಿದ್ದರು.

"ಮಾವ, ಆ ಸ್ಕ್ರೂ ಒಂದ್ಸಲ ನೋಡ್ಲಾ? ಬರೀ ನೋಡೋದು."

"ಏನ್ ಬೇಕಾದ್ರೂ ಮಾಡು ಮಗಳೇ. ಸೀಲು ಮಾತ್ರ ಮುಟ್ಟಬೇಡ."

"ಸ್ಕ್ರೂ ಮುಟ್ಟದೆ ಎಳೆತ ಎಲ್ಲಿಂದ ತರ್ಲಿ? ಸಂತೆಯಲ್ಲಿ ಮಾರ್ತಾರಾ?"

ಮಾವ ಒಳಗೆ ಹೋದರು. ಊಟ ಮಾಡಿ, ಸರಿಯಾಗಿ ಒಂದು ಗಂಟೆಗೆ ಜಗಲಿಯ ಮಂಚದ ಮೇಲೆ ಅಂಗಾತ ಮಲಗಿದರು. ಮೈಮೇಲೆ ಅದೇ ಹಳೆಯ ಸೈನ್ಯದ ಶರ್ಟು, ಕತ್ತಿನವರೆಗೂ ಗುಂಡಿ. ಒಂದರಿಂದ ಎರಡು ಅವರ ನಿದ್ದೆ, ಮನೆಯ ಗಡಿಯಾರ ಬೇಕಾದರೆ ತಪ್ಪೀತು. ಮಧ್ಯಾಹ್ನದ ಹೊತ್ತು ಅಂಗಡಿಯಲ್ಲೇ ಇರುವ ಸೊಸೆ ಆ ನಿದ್ದೆಯನ್ನು ಕಣ್ಣಾರೆ ಕಂಡದ್ದು ಅಂದೇ. ಬಾನೆಟ್ಟಿನ ಕೀಲಿ ಸೊಂಟದಲ್ಲಿರದೆ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದುದನ್ನು ಕಂಡದ್ದೂ ಅಂದೇ.

ಅವಳು ಕೀಲಿಯನ್ನು ನೋಡಿದಳು. ಮಾವನನ್ನು ನೋಡಿದಳು. ಮಂಚದಿಂದ ಮರ ಕುಯ್ಯುವಂಥ ಗೊರಕೆ ಎದ್ದಿತು.

"ತಪ್ಪಾಯ್ತು ಮಾವ" ಎಂದು ಮನಸ್ಸಿನಲ್ಲೇ ಹೇಳಿಕೊಂಡು ಕೀಲಿ ತೆಗೆದುಕೊಂಡಳು.

ತಂತಿ ಕತ್ತರಿಸಲು ಒಂದು ಚಿಟಿಕೆ ಹೊತ್ತು ಸಾಕಾಯಿತು. ಮುಟ್ಟಿದರೆ ಬಿಲ್ಲೆಯೂ ಎರಡು ಹೋಳಾಯಿತು. ವರ್ಷಗಟ್ಟಲೆಯ ಗ್ರೀಸನ್ನು ಬಟ್ಟೆಯಿಂದ ಒರೆಸಿ ಸ್ಕ್ರೂ ನೋಡಿದವಳು ಹಾಗೆಯೇ ನಿಂತಳು. ಪಂಪು, ನಟ್ಟು, ಸ್ಕ್ರೂವಿನ ತುದಿ ಎಲ್ಲದರ ಮೇಲೂ ಸೈನ್ಯದ ಹಸಿರು ಬಣ್ಣವಿತ್ತು. ನಟ್ಟಿನ ಪಕ್ಕ ಸ್ಕ್ರೂವಿನ ಮೂರು ಸುತ್ತಿನ ಮೇಲೆ ಮಾತ್ರ ಬಣ್ಣವೇ ಇಲ್ಲ. ಎಂದರೆ, ಬಣ್ಣ ಹೊಡೆದಾಗ ಆ ಮೂರು ಸುತ್ತು ಒಳಗಿದ್ದವು. ಆಮೇಲೆ ಯಾರೋ ಹೊರಗೆ ತಿರುಗಿಸಿದ್ದರು. ಸರ್ಕಾರ ಆನೆಗೆ ಆನೆಯ ಬಲವನ್ನೇ ಕೊಟ್ಟಿತ್ತು. ಅದನ್ನು ಆಡು ಮಾಡಿದವರು ಬೇರೆ.

ಯಾರು? ಅಂಗೈಯ ಮೇಲೆ ಎರಡು ಹೋಳನ್ನೂ ಕೂಡಿಸಿ ಹಿಡಿದಳು. ಎರಡು ಚುಕ್ಕಿ, ಸುತ್ತಲೂ ಒಂದು ದುಂಡನೆಯ ಅಂಚು. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ತಲೆಯೆತ್ತಿದರೆ ಜಗಲಿಯಲ್ಲಿ ಮಾವನ ಎದೆ ಏರಿಳಿಯುತ್ತಿತ್ತು. ಎದೆಯ ಜೇಬಿನ ಮೇಲೆ ಹಿತ್ತಾಳೆಯ ಗುಂಡಿ. ಗುಂಡಿಗೆ ಎರಡು ತೂತು.

"ಅಯ್ಯೋ ದೇವರೇ! ದೇಶವೂ ಇಲ್ಲ, ಡ್ಯೂಟಿಯೂ ಇಲ್ಲ. ಶರ್ಟಿನ ಗುಂಡಿ!"

ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಆರು ವರ್ಷ ತನ್ನನ್ನು ಆ ಬಾನೆಟ್ಟಿನ ಹತ್ತಿರ ಸೇರಿಸದ ಮುದುಕ ಎಂಥ ಬೆಕ್ಕು, ಕಣ್ಣು ಮುಚ್ಚಿ ಎಷ್ಟು ಹಾಲು ಕುಡಿದಿದೆ! ಆದರೆ ಗಂಟೆ ಒಂದೂವರೆ, ಸಿಟ್ಟಿಗೆ ಪುರುಸೊತ್ತಿರಲಿಲ್ಲ. ಬಣ್ಣವಿಲ್ಲದ ಮೂರು ಸುತ್ತನ್ನು ಒಳಗೆ ತಿರುಗಿಸಿದಳು. ಕಾಲು ಸುತ್ತು ಹೆಚ್ಚಿಲ್ಲ, ಕಾಲು ಸುತ್ತು ಕಡಿಮೆಯಿಲ್ಲ. ನಟ್ಟು ಬಿಗಿದಳು.

ಇನ್ನು ಸೀಲು. ಅಂಗಡಿಯ ಸೀಲು ಒತ್ತಿದರೆ ಅದರ ಮೇಲೆ ಸ್ಪ್ಯಾನರಿನ ಗುರುತು ಬೀಳುತ್ತದೆ. ಅತ್ತೆಯ ಹೊಲಿಗೆ ಡಬ್ಬಿ ತಂದು ತಡಕಾಡಿದರೆ ಎಲ್ಲವೂ ನಾಲ್ಕು ತೂತಿನ ಗುಂಡಿಗಳೇ. ಊರಿಗೆ ಊರೇ ಎರಡು ಚುಕ್ಕಿಯ ಕಥೆ ಒಪ್ಪಿಸುವಾಗ ನಾಲ್ಕು ಚುಕ್ಕಿ ಯಾವ ಬಾಯಿಂದ ತೋರಿಸುವುದು? ಇಡೀ ಮನೆಯಲ್ಲಿ ಎರಡು ತೂತಿನ ಗುಂಡಿ ಇದ್ದದ್ದು ಒಂದೇ ಕಡೆ.

ಡಬ್ಬಿಯಿಂದ ಸಣ್ಣ ಕತ್ತರಿ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಅವಳು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಸೊಸೆಯಾದವಳು ಮಾವನ ಎದೆಯ ಮೇಲೆ ಕತ್ತರಿ ಹಿಡಿದು ಕೂತದ್ದನ್ನು ಯಾರಾದರೂ ನೋಡಿದ್ದರೆ ಊರಲ್ಲಿ ಬೇರೆಯೇ ಕಥೆ ಹುಟ್ಟುತ್ತಿತ್ತು. ಜೇಬಿನ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ದಾರಕ್ಕೆ ಕತ್ತರಿ ಇಟ್ಟಳು. ಕಚಕ್.

ಗೊರಕೆ ನಿಂತಿತು.

ಅವಳು ಕತ್ತರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಹೇಳಬೇಕಾದ ಸುಳ್ಳುಗಳನ್ನೆಲ್ಲ ಒಂದೇ ಉಸಿರಿಗೆ ಜೋಡಿಸಿಕೊಂಡಳು, ಒಂದೂ ನಿಲ್ಲುವಂತಿರಲಿಲ್ಲ. ಅಷ್ಟರಲ್ಲಿ ಮಾವನ ಮೂಗು ಒಮ್ಮೆ ಸೀಟಿ ಹೊಡೆದು, ಗೊರಕೆ ಮೊದಲಿನದಕ್ಕಿಂತ ಜೋರಾಗಿ ಶುರುವಾಯಿತು. ಅವಳು ಬೆಕ್ಕಿನ ಹೆಜ್ಜೆಯಲ್ಲಿ ಓಡಿದಳು. ಸೀಸಕ್ಕೆ ಗುಂಡಿ ಇಟ್ಟು ಅಂಗಡಿಯ ವೈಸಿನ ಕಬ್ಬಿಣದ ದವಡೆಯಲ್ಲಿ ಒತ್ತಿದಾಗ ಚುಕ್ಕಿಗಳೇನೋ ಚೆನ್ನಾಗಿಯೇ ಮೂಡಿದವು, ಆದರೆ ಗುಂಡಿ ಹಪ್ಪಳವಾಯಿತು. ಇನ್ನು ಅದನ್ನು ಶರ್ಟಿಗೆ ಹೊಲಿಯುವಂತಿರಲಿಲ್ಲ. ಹೊಸ ಬಿಲ್ಲೆಯನ್ನು ತಂತಿಯಿಂದ ಸ್ಕ್ರೂಗೆ ಕಟ್ಟಿ, ಗ್ರೀಸು ಬಳಿದು, ಧೂಳು ಉದುರಿಸಿ, ಬೀಗ ಹಾಕಿ ಕೀಲಿಯನ್ನು ಮೊಳೆಗೆ ಸಿಕ್ಕಿಸುವ ಹೊತ್ತಿಗೆ ಎರಡು ಹೊಡೆಯಿತು.

ನಾಲ್ಕು ಗಂಟೆಗೆ ಅದೇ ಏರು, ಅದೇ ಎಮ್ಮೆಗಾತ್ರದ ಕಲ್ಲುಗಳು. ಬೆಳಗಿನ ನಗು ಮರೆಯದ ಕೆಲಸಗಾರರು ಕೈಯಲ್ಲಿ ಕಲ್ಲು ಹಿಡಿದೇ ನಿಂತಿದ್ದರು. ಮಾವ ಗೇರು ಹಾಕಿದರು. ಆನೆ ಒಂದು ಮುಷ್ಟಿ ಕಪ್ಪು ಹೊಗೆ ಉಗುಳಿ ಗಂಟಲು ಸರಿಮಾಡಿಕೊಂಡು ಹತ್ತತೊಡಗಿತು. ಬೆಳಿಗ್ಗೆ ನಿಂತ ಜಾಗ ಬಂತು, ದಾಟಿತು. ಸೊಸೆ ಕಿವಿಯಲ್ಲೇ ನೋಡುತ್ತಿದ್ದಳು. ಎಂಜಿನ್ ದುಡಿಯುತ್ತಿತ್ತು, ಎಲ್ಲೂ ನರಳುತ್ತಿರಲಿಲ್ಲ. ಮೇಲೆ ತಲುಪಿದಾಗ ಮಾವ ಹಾರನ್ ಒತ್ತಿದ್ದು ಬಿಡಲೇ ಇಲ್ಲ.

ಮ್ಯಾನೇಜರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. "ಬೆಳಿಗ್ಗೆ ಕುರಿ, ಸಂಜೆಗೆ ಹುಲಿ. ಅದು ಹೇಗೆ ಕಮಾಂಡರೇ? ನಿಮ್ಮನೇಲಿ ಪಂಪ್ ಡಾಕ್ಟರೇ ಇದ್ದಾರೆ. ಮಿತಿಮೀರಿ ಡೀಸೆಲ್ ಕುಡಿಸಿ ಎಳೆಸಿದ್ರೆ ಎರಡು ತಿಂಗಳಿಗೆ ಎಂಜಿನ್ ಮಲಗುತ್ತೆ, ನನ್ನ ಕೆಲಸಾನೂ ಮಲಗುತ್ತೆ. ಸೀಲು ನೋಡ್ಬೇಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಸೊಸೆ ನಿಜವಾಗಿಯೂ ಹೆಗಲು ಮುಟ್ಟಿಕೊಂಡಳು. ಮಾವ ಹತ್ತಿರದಿಂದ ನೋಡಿದರೆ ಸೀಸ ಹೊಸದೆಂದು ತಿಳಿಯದಿರುತ್ತದೆಯೇ? ಮಾವ ಇಳಿದು ಬಂದರು. ಎಡಗೈಯನ್ನು ಪ್ರತಿಜ್ಞೆ ಮಾಡುವವರಂತೆ ಎದೆಯ ಜೇಬಿನ ಮೇಲೆ ಇಟ್ಟುಕೊಂಡಿದ್ದರು. ಬಲಗೈಯಲ್ಲಿ ಬೀಗ ತೆಗೆದು ಬಾನೆಟ್ ಎತ್ತಿ, ಬಗ್ಗಿ, ಬಿಲ್ಲೆಯನ್ನು ಮೂಗಿಗೆ ತಾಗುವಷ್ಟು ಹತ್ತಿರದಿಂದ ನೋಡಿದರು. ಬಹಳ ಹೊತ್ತು ನೋಡಿದರು.

"ಬನ್ನಿ ಮ್ಯಾನೇಜರೇ, ನೀವೇ ಎಣಿಸಿ" ಎಂದರು ಆಮೇಲೆ.

"ಒಂದು ದೇಶಕ್ಕೆ, ಒಂದು ಡ್ಯೂಟಿಗೆ" ಎಂದು ಮ್ಯಾನೇಜರೇ ಬಾಯಿಪಾಠ ಒಪ್ಪಿಸಿದರು. "ಮತ್ತೆ ಎಳೆತ ಎಲ್ಲಿಂದ ಬಂತು?"

"ಫಿಲ್ಟರು" ಎಂದರು ಮಾವ. "ನನ್ನ ಸೊಸೆ ಫಿಲ್ಟರು ತೊಳೆದಳು. ಅಲ್ವೇನಮ್ಮಾ?"

"ತುಂಬಾ ಕೊಳೆ ಇತ್ತು ಮಾವ" ಎಂದಳು ಅವಳು. ಅದು ಸುಳ್ಳೂ ಆಗಿರಲಿಲ್ಲ.

ಕೆಲಸ ಸಿಕ್ಕಿತು. ಮನೆಗೆ ಬಂದದ್ದೇ ಮಾವ ಶರ್ಟು ಬಿಚ್ಚಿ ಅತ್ತೆಯ ಕಡೆ ಎಸೆದು, ಸಾಕಾಯ್ತು ಎಂದು ಜಗಲಿಯ ಮಂಚಕ್ಕೆ ಒರಗಿದರು. ಇನ್ನೂ ಹೊತ್ತು ಮುಳುಗಿರಲಿಲ್ಲ. ಒಳಗೆ ಕಿಟಕಿಯ ಬೆಳಕಿಗೆ ಕೂತು ಅತ್ತೆ ಸೂಜಿಗೆ ದಾರ ಪೋಣಿಸಿದರು. ಸೊಸೆ ಏನೂ ಅರಿಯದವಳಂತೆ ಎದುರು ಕೂತು ಡಬ್ಬಿಯಲ್ಲಿ ಗುಂಡಿ ಹುಡುಕಿದಳು.

"ಈ ಜೇಬಿಗೆ ಗುಂಡಿ ಹಾಕ್ತಿರೋದು ಇದು ಎರಡನೇ ಸಲ" ಎಂದರು ಅತ್ತೆ.

ಸೊಸೆಯ ಕೈ ನಿಂತಿತು.

"ಆಗ ನಿನ್ನ ಗಂಡ ಮೂರು ತಿಂಗಳ ಕೂಸು. ಮೇಲೆ ಬೆಟ್ಟದಲ್ಲಿ ಕಾಳಗ ನಡೀತಿತ್ತು. ಚೆನ್ನಾಗಿ ಎಳೆಯೋ ಗಾಡಿಗಳನ್ನೆಲ್ಲ ಫಿರಂಗಿ ಕಟ್ಟಿ ಮೇಲಕ್ಕೆ ಕಳಿಸಿದ್ರು. ಎಳೆಯದ ಗಾಡಿಗೆ ಬ್ರೆಡ್ಡಿನ ಮೂಟೆ. ಇವರು ಆ ಸ್ಕ್ರೂ ತಿರುಗಿಸಿ, ಈ ಜೇಬಿನ ಗುಂಡೀಲಿ ಸೀಲು ಒತ್ತಿ, ಬ್ರೆಡ್ಡು ಹೊತ್ತರು. ಮೇಲೆ ಹೋದ ಹನ್ನೊಂದು ಗಾಡಿಯಲ್ಲಿ ನಾಲ್ಕು ವಾಪಸ್ ಬಂದ್ವು. ಬಾರದವರಲ್ಲಿ ಇವರ ಜೊತೆ ಒಂದೇ ತಟ್ಟೇಲಿ ಉಣ್ತಿದ್ದವನೂ ಇದ್ದ." ಅತ್ತೆ ಶರ್ಟನ್ನು ಮಡಿಲಲ್ಲಿ ನೇರ ಮಾಡಿಕೊಂಡರು. "ತಿರುಗಿಸಿದ್ದನ್ನ ನನಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ವಾಪಸ್ ತಿರುಗಿಸೋಕೂ ಕೈ ಬರಲಿಲ್ಲ. ಅದಕ್ಕೇ ಆ ಬೀಗ ಮಗಳೇ."

ಸೊಸೆ ಡಬ್ಬಿಯನ್ನು ಕೆಳಗಿಟ್ಟಳು. ಮೂರು ಸುತ್ತು ಸ್ಕ್ರೂ. ಅಷ್ಟರಿಂದ ಅವಳ ಗಂಡನಿಗೆ ಅಪ್ಪ ಉಳಿದಿದ್ದರು, ಅಷ್ಟನ್ನೇ ಆ ಅಪ್ಪ ಇಷ್ಟು ವರ್ಷ ಎದೆಯ ಮೇಲೆ ಹೊತ್ತು ತಿರುಗಿದ್ದರು. ತಾನು ಬೆಕ್ಕು ಎಂದು ಬೈದದ್ದು ನೆನಪಾಗಿ ನಾಚಿಕೆಯಾಯಿತು.

"ಅತ್ತೆ, ಮಾವನಿಗೆ ಗೊತ್ತಾದ್ರೆ... ನಾನು ಅವರು ಮಲಗಿದ್ದಾಗ, ಜೋರಾಗಿ ಗೊರಕೆ ಹೊಡೀತಿದ್ದಾಗ..."

ಅತ್ತೆ ತಲೆಯೆತ್ತಿ, ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ನಗು ಅವರ ಕೆನ್ನೆಯಲ್ಲೇ ತುಳುಕುತ್ತಿತ್ತು. ಸೊಸೆ ಚಾಪೆ ಕೆಳಗೆ ತೂರಿದ್ದಳಷ್ಟೆ, ಮಾವ ರಂಗೋಲಿ ಕೆಳಗೇ ತೂರಿದ್ದರು.

"ಮದುವೆಯಾಗಿ ಮೂವತ್ತೊಂದು ವರ್ಷ ಆಯ್ತು ಕಣೇ. ಈ ಮನುಷ್ಯ ಒಂದು ದಿನಾನೂ ಗೊರಕೆ ಹೊಡೆದೋರಲ್ಲ" ಎಂದು ಅತ್ತೆ ದಾರ ಕಚ್ಚಿ ತುಂಡು ಮಾಡಿದರು.

ಜಗಲಿಯ ಮಂಚದಿಂದ ಆಗಲೇ ಒಂದು ಗೊರಕೆ ಶುರುವಾಯಿತು.