ಅಮ್ಮ ಪ್ರಮಾಣ ಮಾಡಿದ್ದು ಯಾವಾಗ?

ಅಮ್ಮನಿಗೆ ಎಂಬತ್ತೇಳು ತುಂಬಿದ ಶನಿವಾರ ಕೆನಡಾದ ಬ್ರಾಡ್‌ಫರ್ಡಿನ ನಮ್ಮ ಮನೆಯಲ್ಲಿ ಡಚ್ಚರ ವಾಡಿಕೆಯಂತೆ ಗೋಡೆಗುಂಟ ಕುರ್ಚಿ ಹಾಕಿದ್ದರು. ಬಂದವರು ಅಮ್ಮನ ಕೈ ಕುಲುಕಿದರೆ ಸಾಲದು, ಕೂತವರೆಲ್ಲರ ಕೈ ಕುಲುಕಿ, "ನಿಮ್ಮತ್ತಿಗೆಯ ಹುಟ್ಟುಹಬ್ಬಕ್ಕೆ ಅಭಿನಂದನೆ", "ನಿಮ್ಮಕ್ಕನ ಹುಟ್ಟುಹಬ್ಬಕ್ಕೆ ಅಭಿನಂದನೆ" ಎನ್ನುತ್ತ ಒಂದು ಸುತ್ತು ಬರಬೇಕು. ಆಮೇಲೆ ಕಾಫಿ, ಒಂದೇ ಒಂದು ಬಿಸ್ಕತ್ತು, ತಕ್ಷಣ ಡಬ್ಬಿಗೆ ಮುಚ್ಚಳ. ನನಗಂತೂ ಆವತ್ತು ಯಾವುದಕ್ಕೂ ತಾಳ್ಮೆ ಇರಲಿಲ್ಲ.

ನನ್ನ ಮಗಳು ಮೆರೆಲ್ ಇರುವುದು ಹಾಲೆಂಡಿನ ಗ್ರೋನಿಂಗನ್‌ನಲ್ಲಿ. ಅಲ್ಲಿಯವನನ್ನೇ ಮದುವೆಯಾಗಿದ್ದಳು, ಈಗ ಅದು ಮುರಿದಿದೆ. ಗಂಡನಿಂದಾಗಿ ಸಿಕ್ಕಿದ್ದ ವಾಸದ ಪರವಾನಗಿ ಈ ಬೇಸಿಗೆಗೆ ಮುಗಿಯುತ್ತದೆ. ಮಗ ಯೆಲ್ಲೆಗೆ ಐದು ವರ್ಷ. ಅವನನ್ನು ದೇಶ ಬಿಡಿಸಲು ಅವನಪ್ಪ ಸುತರಾಂ ಒಪ್ಪುವುದಿಲ್ಲ. ಅಂದರೆ ತಾಯಿ ಇಲ್ಲಿ, ಮಗು ಅಲ್ಲಿ.

ಉಳಿದದ್ದು ಒಂದೇ ದಾರಿ. ಟೊರಾಂಟೋದ ವಕೀಲರು ಬಿಡಿಸಿ ಹೇಳಿದ್ದರು: ನಾನು ಹುಟ್ಟಿದ ದಿನ ನನ್ನಮ್ಮ ಇನ್ನೂ ಡಚ್ ಪ್ರಜೆಯಾಗಿದ್ದರೆ ನನಗೆ ಡಚ್ ಪೌರತ್ವದ ಹಕ್ಕಿದೆ, ನನ್ನ ಹಿಂದೆ ಮೆರೆಲ್‌ಗೂ ಇದೆ. ಅಪ್ಪ ಮೊದಲೇ ಕೆನಡಾದವನಾಗಿಬಿಟ್ಟಿದ್ದ, ಅವನ ಕಡೆಯಿಂದ ಏನೂ ಗಿಟ್ಟದು. ಅಮ್ಮ ಕೋರ್ಟಿನಲ್ಲಿ ಕೈ ಎತ್ತಿ ಕೆನಡಾಕ್ಕೆ ಪ್ರಮಾಣ ಮಾಡಿ ಡಚ್ ಪೌರತ್ವ ಕಳೆದುಕೊಂಡದ್ದು ನಾನು ಹುಟ್ಟುವ ಮೊದಲೋ ಆಮೇಲೋ ಎಂಬುದೇ ಪ್ರಶ್ನೆ. ಸರ್ಕಾರಕ್ಕೆ ಬರೆದರೆ ಉತ್ತರಕ್ಕೆ ವರ್ಷ ಕಾಯಬೇಕಂತೆ. ಅಮ್ಮನನ್ನು ಕೇಳಿದರೆ, "ಹೋಗ್ಲಿ ಬಿಡೇ, ಹಳೇದೆಲ್ಲ ಯಾರಿಗ್ ನೆನಪಿರತ್ತೆ" ಎಂದು ಮುಖ ತಿರುಗಿಸುತ್ತಿದ್ದಳು. ಯಾವ ವರ್ಷ ನಮ್ಮ ಹೊಲದ ಈರುಳ್ಳಿ ಕೊಳೆಯಿತೆಂದು ವಾರದ ಸಮೇತ ಹೇಳುವ ಹೆಂಗಸು!

ಹಾಗಾಗಿ ಎಲ್ಲರ ಕೈಯಲ್ಲೂ ಕಾಫಿ ಇದ್ದಾಗ ನಾನು ಜೋರಾಗಿಯೇ ಕೇಳಿಬಿಟ್ಟೆ.

"ನೀನು ಹುಟ್ಟಿದ್ಮೇಲೆ ಕಣೇ!" ಎಂದಳು ಬೌಕೆ ಅತ್ತೆ, ಅಪ್ಪನ ತಂಗಿ. "ನಿಮ್ಮಮ್ಮ ಜಡ್ಜ್ ಮುಂದೆ ನಿಂತಾಗ ನಿನ್ನ ಎತ್ಕೊಂಡಿದ್ದೋಳು ನಾನು. ನನ್ನ ಹೊಸ ಕೋಟಿನ ಮೇಲೆ ಹಾಲು ಕಕ್ಕಿದ್ದೆ, ಮಹರಾಯ್ತಿ!"

ನನಗೆ ಎದ್ದು ಕುಣಿಯಬೇಕೆನಿಸಿತು. ಅಷ್ಟರಲ್ಲಿ ಅಮ್ಮನ ತಮ್ಮ ವೀಬೆ ಮಾವ ಕಪ್ಪು ಕೆಳಗಿಟ್ಟ.

"ಏನ್ ಮಾತಾಡ್ತಿದೀರಾ ಬೌಕೆ? ನಾನು ಹಡಗಿಳಿದು ಬರೋ ಹೊತ್ತಿಗೇ ಅಕ್ಕ ಕೆನಡಾದೋಳಾಗಿದ್ಳು. ತುಂಬು ಬಸುರಿ ಓಟು ಹಾಕ್ಬೇಕು ಅಂತ ಹಟ ಹಿಡಿದ್ಳು, ನಾನೇ ಕರ್ಕೊಂಡು ಹೋದೆ. ಓಟು ಹಾಕಿ ಬಂದ ವಾರಕ್ಕೇ ಇವಳು ಹುಟ್ಟಿದ್ದು."

"ಹಾಗಾದ್ರೆ ನಾನು ಎತ್ಕೊಂಡಿದ್ದು ಯಾರನ್ನ್ರೀ, ಈರುಳ್ಳಿ ಮೂಟೇನಾ?"

"ಇದ್ರೂ ಇರ್ಬೌದು. ನಿಮ್ಮ ಕನ್ನಡಕ ಆವಾಗ್ಲೂ ಹೀಗೇ ಇತ್ತಲ್ಲ!"

ಎಲ್ಲರೂ ನಕ್ಕರು. ನನಗೆ ತಲೆ ಚಿಟ್ಟು ಹಿಡಿಯಿತು. ಇಬ್ಬರೂ ಸುಳ್ಳು ಹೇಳುವವರಲ್ಲ. ಅತ್ತೆ ಪ್ರಮಾಣವಾದ ವಾರವೇ ಮದುವೆಯಾಗಿ ದೂರದ ಆಲ್ಬರ್ಟಾಕ್ಕೆ ಹೋದವಳು, ಮರೆತಿರಲಾರಳು. ಮಾವ ಬಂದದ್ದು ಮರುವರ್ಷ. ಓಟು ಹಾಕಿದ್ದೂ ನಿಜವೇ ಇರಬೇಕು. ಹಾಗಾದರೆ ನಾನು ಹುಟ್ಟಿದ್ದಾದರೂ ಯಾವಾಗ?

"ಸಾಕು ನಿಲ್ಸಿ," ಎಂದಳು ಅಮ್ಮ. "ಇಬ್ರೂ ಹೇಳ್ತಿರೋದು ನಿಜ. ಬೌಕೆ ಎತ್ಕೊಂಡಿದ್ದು ಹಿಸ್ಕೇನೇ. ಮೊದಲ್ನೇ ಹಿಸ್ಕೇನ."

ಹಿಸ್ಕೆ ನನ್ನ ಹೆಸರು. ಅಮ್ಮನ ತಾಯಿಯ ಹೆಸರು.

"ಮಾರ್ಚಲ್ಲಿ ಹುಟ್ಟಿದ್ಳು. ಕೊಯ್ಲಿನ ಹೊತ್ತಿಗೆ ನಾಯಿಕೆಮ್ಮು ಬಂತು, ಹೋಗ್ಬಿಟ್ಳು. ಬೌಕೆ, ನೀನಾಗ ಬಸುರಿ, ನಿಂಗೆ ಬರೀಬೇಡ ಅಂದ್ರು ನಿಮ್ಮಣ್ಣ. ಆಮೇಲೆ ಬರೆಯೋಕೆ ಬಾಯೇ... ಕೈಯೇ ಬರ್ಲಿಲ್ಲ. ಮುಂದಿನ ಜೂನಲ್ಲಿ ಇವಳು ಬಂದ್ಳು. ನಮ್ಮಮ್ಮನ ಹೆಸರು ಹಾಗೇ ಬಿಡೋಕಾಗತ್ತಾ? ಇವಳಿಗೇ ಇಟ್ವಿ. ನೀನು ಅವಳೇ ಇವಳು ಅನ್ಕೊಂಡೆ, ನಾವೂ ಹೇಳ್ಲಿಲ್ಲ."

ಯಾರೂ ಹೌಹಾರಲಿಲ್ಲ. ಹೋದ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು ನಮ್ಮವರಲ್ಲಿ ಹೊಸದಲ್ಲ. ಬೌಕೆ ಅತ್ತೆ ಮಾತ್ರ ಕೋಟು ಒದ್ದೆಯಾದ ಜಾಗವನ್ನು ಹುಡುಕುವವಳಂತೆ ಹೆಗಲು ಮುಟ್ಟಿಕೊಂಡು ಅಳತೊಡಗಿದಳು. ಅವಳ ಶುಭಾಶಯದ ಕಾರ್ಡು ಪ್ರತಿ ವರ್ಷ ಮಾರ್ಚಿನಲ್ಲೇ ಬರುತ್ತಿತ್ತು. ಅತ್ತೆಗೆ ತಿಂಗಳು ಎಣಿಸಲು ಬರುವುದಿಲ್ಲವೆಂದು ನಾನೂ ಅಪ್ಪನೂ ನಗುತ್ತಿದ್ದೆವು. ಅಪ್ಪನೂ ನಗುತ್ತಿದ್ದ!

ನನಗೆ ದುಃಖವೋ ಸಿಟ್ಟೋ ತಿಳಿಯಲಿಲ್ಲ. ಹಕ್ಕಿದ್ದದ್ದು ಆ ಮೊದಲ ಹಿಸ್ಕೆಗೆ, ನನಗಲ್ಲ ಎಂಬುದಷ್ಟೇ ತಿಳಿಯಿತು.

ವೀಬೆ ಮಾವ ಹತ್ತಿರ ಬಗ್ಗಿದ. "ಹೆಸರೂ ಅದೇ, ಅಪ್ಪ ಅಮ್ಮಾನೂ ಅವರೇ. ಆ ಮಗೂದು ಜನನಪತ್ರ ತರ್ಸಿ ಕಳ್ಸು. ಒಂದು ವರ್ಷ ದೊಡ್ಡೋಳಾಗ್ತೀಯ, ಅಷ್ಟೇ. ಯಾರಿಗ್ ಗೊತ್ತಾಗತ್ತೆ?"

ಯೆಲ್ಲೆಯ ಮುಖ ಕಣ್ಣ ಮುಂದಿತ್ತು. ಅಮ್ಮನ ಕುರ್ಚಿಯ ಬಳಿ ಕೂತು ಕೇಳಿಯೇ ಬಿಟ್ಟೆ, "ಮಾಡ್ಲಾ ಅಮ್ಮ?"

ಅಮ್ಮ ನನ್ನ ಕೈ ಹಿಡಿದುಕೊಂಡಳು. "ಅವಳ ಹೆಸರು ತೆಗೆದು ನಿನಗೆ ಕೊಟ್ಟಾಯ್ತು ಕಣೇ," ಎಂದಳು. "ಹುಟ್ಟಿದ ದಿನಾನೂ ತೆಗೆದ್ರೆ ಅವಳಿಗೇನು ಉಳೀತು?"

ಸ್ವಲ್ಪ ಹೊತ್ತಿಗೆ ಮೆರೆಲ್ ಫೋನ್ ಮಾಡಿದಳು. ಅಜ್ಜಿಯ ಹುಟ್ಟುಹಬ್ಬಕ್ಕೆ ನನಗೂ ಅಭಿನಂದನೆ ಹೇಳಿ, ಉಸಿರು ತೆಗೆದುಕೊಳ್ಳದೆ ಕೇಳಿದಳು, "ಗೊತ್ತಾಯ್ತಾ ಅಮ್ಮ? ಹಕ್ಕಿದ್ಯಾ?"

"ನಿನ್ನ ದೊಡ್ಡಮ್ಮನಿಗಿತ್ತು," ಎಂದೆ. "ನನಗಿಲ್ಲ. ನಿನಗೂ ಇಲ್ಲ."

"ದೊಡ್ಡಮ್ಮನಾ? ನಂಗ್ಯಾವ ದೊಡ್ಡಮ್ಮ? ನೀನೇ ದೊಡ್ಡೋಳಲ್ವಾ?"

ನಾನು ಹೇಳಿದೆ. ಹೇಳುವಾಗ ಎಲ್ಲ ಹಿಂದುಮುಂದಾಯಿತು. ಎರಡು ಸಲ ಹೇಳಬೇಕಾಯಿತು. ಆ ಕಡೆ ಯೆಲ್ಲೆ ಏನೋ ಕೇಳುತ್ತಿದ್ದ.

"ಇನ್ನೂ ಎಷ್ಟು ದಿನ ಇಲ್ಲಿರ್ತೀಯ ಅಂತ ಕೇಳ್ತಿದಾನೆ ಅಮ್ಮ," ಎಂದಳು ಮೆರೆಲ್. "ಏನ್ ಹೇಳ್ಲಿ?"