ಕೂತವರನ್ನು ಎಣಿಸುವವನು

ನನ್ನ ಮೈದುನ ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಅಲ್ಲಿದ್ದ ತಲೆಗಳನ್ನು ಎಣಿಸುತ್ತಿದ್ದ. ಕಣ್ಣು ನೆಲದ ಮೇಲೆ, ಬಲಗೈ ಕರಿಕೋಟಿನ ಜೇಬಿನೊಳಗೆ. ಆ ಜೇಬು ಇಲಿ ಹೊಕ್ಕ ಹಾಗೆ ಮೆಲ್ಲನೆ ಅಲುಗಿತೆಂದರೆ, ಒಳಗೆ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹತ್ತಿಳಿಯುತ್ತಿದೆ ಎಂದೇ ಅರ್ಥ. ಮದುವೆ ಮನೆಯಾಗಲಿ, ಬಸ್ಸಾಗಲಿ, ಆಸ್ಪತ್ರೆಯ ಹಜಾರವಾಗಲಿ, ಯಾವುದನ್ನೂ ಬಿಟ್ಟವನಲ್ಲ. ನನ್ನ ಯಜಮಾನರು ಹೋದ ದಿನ, ಒಡಹುಟ್ಟಿದ ಅಣ್ಣನನ್ನು ನಡುಮನೆಯಲ್ಲಿ ಮಲಗಿಸಿರುವಾಗಲೂ ಇವನು ಬಾಗಿಲ ಬಳಿ ನಿಂತು ಎಣಿಸುತ್ತಿದ್ದುದನ್ನು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು. "ಇಲ್ಲೂ ಕೋರಂ ಆಗ್ಬೇಕೇನೋ ನಿಂಗೆ?" ಅಂದೆ. ಅವನು ಕೈ ಹೊರಗೆ ತೆಗೆದ. ತೆಗೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ.

ಕೋರಂ ಎಂಬುದು ನಮ್ಮ ಮನೆಯಲ್ಲಿ ಉಪ್ಪು, ಬೆಂಕಿಪೆಟ್ಟಿಗೆಯಷ್ಟೇ ಬಳಕೆಯ ಮಾತು. ಸಭೆಯನ್ನು ಸಭೆ ಎನ್ನಬೇಕಾದರೆ ಕಡೆಯ ಪಕ್ಷ ಇಷ್ಟು ಜನ ಇರಲೇಬೇಕು ಎಂಬ ಲೆಕ್ಕ ಅದು. ಸಂಸತ್ತಿನ ಕಚೇರಿಗೆ ಗುಮಾಸ್ತನಾಗಿ ಸೇರಿ ಕಾರ್ಯದರ್ಶಿಯಾಗಿ ಬೆಳೆದ ಇವನು, ಸಭೆ ಹೇಗೆ ನಡೆಯತಕ್ಕದ್ದು, ಅದರ ಸಮಿತಿಗಳು ಹೇಗೆ ಕೂರತಕ್ಕದ್ದು, ಯಾರ ಮಾತು ಎಲ್ಲಿಗೆ ನಿಲ್ಲತಕ್ಕದ್ದು ಎಂಬ ನಿಯಮಾವಳಿಯನ್ನು ಬರೆದವನು. ಮದುವೆ ಆಗಲಿಲ್ಲ. "ಅವನು ಆಗಲೇ ಸಭೆಯನ್ನ ಕಟ್ಕೊಂಡಾಗಿದೆ ಬಿಡೇ" ಎಂದು ಅವನ ಅಣ್ಣ ಗೇಲಿ ಮಾಡುತ್ತಿದ್ದರು. ಸಂಜೆ ನಾನು ಒಲೆಯ ಮುಂದಿದ್ದರೆ ಅವನು ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಬರೆದದ್ದನ್ನು ಗಟ್ಟಿಯಾಗಿ ಓದುವನು. ಒಗ್ಗರಣೆ ಚುರ್ ಎಂದಾಗ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟ ಮಾತಿನಿಂದಲೇ ಮತ್ತೆ ಹಿಡಿಯುವನು.

ಆ ಹಟಕ್ಕೆ ಒಂದು ಕಾರಣವಿತ್ತು. ಅವನಿನ್ನೂ ಎಳೆಯ ಗುಮಾಸ್ತನಾಗಿದ್ದಾಗ, ಒಂದು ಸಮಿತಿಯವರು ಊಟದ ಹೊತ್ತಿನಲ್ಲಿ ಮೂವರೇ ಕೂತು, ಹೊರಗೆ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಇಬ್ಬರನ್ನೂ ಹಾಜರಿಗೆ ಸೇರಿಸಿಕೊಂಡು ಐವರಾಯಿತೆಂದು ಬರೆಸಿ, ಹೊಳೆಯ ದಂಡೆಯ ಗುಡಿಸಲುಗಳ ನೆಲವನ್ನು ಯಾರಿಗೋ ಬರೆದುಕೊಟ್ಟಿದ್ದರು. ಆ ಇಬ್ಬರು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬರೆದ ಕೈ ಇವನದು. ಆದ್ದರಿಂದ ತನ್ನ ಕಾಲ ಬಂದಾಗ ಕಲ್ಲಿನಲ್ಲಿ ಕೆತ್ತಿದ ಹಾಗೆ ಬರೆದ: ಸಮಿತಿಗೆ ಐವರು, ಕುರ್ಚಿಯಲ್ಲಿ ಕೂತವರನ್ನು ಮಾತ್ರ ಎಣಿಸತಕ್ಕದ್ದು, ಯಾವ ಸದಸ್ಯ ಕೇಳಿದರೂ ಕೇಳಿದ ಕ್ಷಣವೇ ಎಣಿಸತಕ್ಕದ್ದು, ಕಡಿಮೆಯಿದ್ದರೆ ಆ ಮಾತಿಗೇ ಸಭೆ ಏಳತಕ್ಕದ್ದು, ಅರ್ಧಕ್ಕೆ ನಿಂತ ಸಾಕ್ಷ್ಯ ಹೇಳದ ಸಾಕ್ಷ್ಯಕ್ಕೆ ಸಮ. ಕೊನೆಯದರ ಮೇಲೆ ಅವನಿಗೆ ಹೆತ್ತ ಮಮತೆ. "ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಕೆಟ್ಟದ್ದು ಅತ್ತಿಗೆ" ಅನ್ನುವನು. ನನಗೂ ಸರಿ ಅನ್ನಿಸಿತ್ತು.

ನಮ್ಮ ಬೀದಿಯ ತಿರುವಿನಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಹೆಬ್ಬೆರಳ ಉಜ್ಜಾಟಕ್ಕೆ ಪದೇ ಪದೇ ಹರಿಯುತ್ತಿದ್ದ ಇವನ ಜೇಬಿನ ಒಳಬಟ್ಟೆಗೆ ತೇಪೆ ಹಾಕುತ್ತಿದ್ದವಳು ಅವಳೇ. "ಒಳಗೇನು ಬೆಕ್ಕು ಸಾಕಿದೀರಾ ಸಾರ್?" ಎಂದು ನಗಿಸಲು ನೋಡುವಳು, ಅವನು ನಗುತ್ತಿರಲಿಲ್ಲ. ಅವಳ ಗಂಡ ಗಿರಣಿಯ ಬೆಂಕಿಯಲ್ಲಿ ಹೋದ. ಒಳಗಿದ್ದ ಕೂಲಿಯವರು ಕುಡಿದು ಮಲಗಿದ್ದರು, ಎದ್ದು ಓಡಲಿಲ್ಲ, ಅಂತ ಮಾಲೀಕರ ಕಡೆಯವರು ಹೇಳಿಕೊಂಡರು. ಆದರೆ ಅಂದು ಗಂಡನಿಗೆ ಬುತ್ತಿ ಒಯ್ದಿದ್ದ ಇವಳು ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದಳು. ಕಂಡವಳು ಇವಳೊಬ್ಬಳೇ. ಅರ್ಜಿಗಳ ಸಮಿತಿಯ ಮುಂದೆ ಹೋಗಿ ಹೇಳು, ಅವರು ಕೇಳಿ ವರದಿ ಕೊಟ್ಟರೆ ತನಿಖೆ ನಡೆಯಲೇಬೇಕು, ಎಂದು ದಾರಿ ತೋರಿಸಿದವನು ನನ್ನ ಮೈದುನ. "ಭಯ ಬೇಡಮ್ಮ. ನಿನ್ನ ಮಾತನ್ನ ಯಾರೂ ತಡೆಯೋ ಹಾಗಿಲ್ಲ, ಹಾಗೆ ಬರೆದಿದ್ದೀನಿ" ಎಂದು ನನ್ನೆದುರೇ ಹೇಳಿದ್ದ.

ದಿನ ಮುಂದಕ್ಕೆ ಹೋಗಿ ಹೋಗಿ, ಆ ಸಂಸತ್ತಿನ ಅವಧಿ ಮುಗಿಯುವ ದಿನವೇ ಅವಳ ಸರದಿ ಬಂತು. ಮುಗಿಯದ ಕೆಲಸವೆಲ್ಲ ಸಂಸತ್ತಿನೊಡನೆಯೇ ಸಾಯತಕ್ಕದ್ದು. ಅದೂ ಇವನದೇ ನಿಯಮ. ಜೊತೆಗೆ ನಾನು ಹೋದೆ. ಎತ್ತರದ ಕಿಟಕಿಗಳು, ಹಸಿರು ಬಟ್ಟೆ ಹಾಸಿದ ಉದ್ದ ಮೇಜು, ಎಂಟು ಕುರ್ಚಿ, ಎಂಟು ಜನ. ಮೇಜಿನ ತುದಿಯಲ್ಲಿ ಇವನು. ಅವಳು ಮೊದಮೊದಲು ತಡವರಿಸಿದಳು, ಆಮೇಲೆ ನೂಲು ಸೂಜಿಗೆ ಹೊಕ್ಕ ಹಾಗೆ ಮಾತು ಓಡತೊಡಗಿತು. ಆಗಲೇ ಒಬ್ಬರು ಫೋನು ಬಂತೆಂದು ಎದ್ದರು. ಇನ್ನೊಬ್ಬರಿಗೆ ಕೆಮ್ಮು. ಮೂರನೆಯವರು ಕಾರಣವನ್ನೂ ಹೇಳದೆ ಹೋದರು. ನಾಲ್ಕನೆಯವರು ಎದ್ದು, ಹೊರಗೂ ಹೋಗದೆ, ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ಬುತ್ತಿ ತಗೊಂಡು ಹೋದೆ ಸಾರ್. ಹೊಗೆ ಬರ್ತಾ ಇತ್ತು. ಬಾಗಿಲಿಗೆ..."

"ಕಾರ್ಯದರ್ಶಿಗಳೇ, ಒಂದ್ಸಲ ಎಣಿಸಿಬಿಡಿ" ಅಂದರು ಒರಗಿ ನಿಂತವರು.

ಮುದಿ ಅಧ್ಯಕ್ಷರ ಮುಖ ಕಪ್ಪಿಟ್ಟಿತು. "ನೀವು ಕೂತ್ಕೊಂಡ್ರೆ ಆಗುತ್ತಲ್ಲ ಮಹರಾಯರೇ!"

"ಬೆನ್ನು ನೋವು ಸ್ವಾಮಿ. ಕೂರಬಾರದು ಅಂದಿದ್ದಾರೆ ಡಾಕ್ಟ್ರು."

ಯಾರೋ ಕಿಸಕ್ಕೆಂದರು. ಅಧ್ಯಕ್ಷರು ನನ್ನ ಮೈದುನನ ಕಡೆ ತಿರುಗಿದರು. ಅದು ಬೇಡಿಕೊಳ್ಳುವ ನೋಟ, ಓದು ಬರದ ನನಗೂ ಅದನ್ನು ಓದಲು ಬಂತು. ಇವನು ಐದು ಎಂದುಬಿಟ್ಟರೆ ಐದೇ. ಅವನ ಬಾಯಿಂದ ಬಂದ ಲೆಕ್ಕವನ್ನು ಆ ಕಟ್ಟಡದಲ್ಲಿ ಎಂದೂ ಯಾರೂ ಅಲ್ಲಗಳೆದಿರಲಿಲ್ಲ. ಜೇಬು ಅಲುಗಿತು. ನಿಂತಿತು. ಮತ್ತೆ ಮೊದಲಿನಿಂದ ಅಲುಗಿತು.

"ನಾಲ್ಕು" ಅಂದ.

ಎಲ್ಲರೂ ಎದ್ದರು. ಅವಳಿಗೆ ಏನಾಯಿತೆಂದೇ ತಿಳಿಯಲಿಲ್ಲ. "ಇನ್ನೂ ಹೇಳಿಲ್ಲ ಸಾರ್, ಬಾಗಿಲ ವಿಷ್ಯ ಇನ್ನೂ ಹೇಳಿಲ್ಲ" ಎಂದು ಒಬ್ಬೊಬ್ಬರ ಬೆನ್ನಿಗೂ ಹೇಳಿದಳು.

ದಾರಿಯುದ್ದಕ್ಕೂ ಅವಳು ಶಪಿಸಲಿಲ್ಲ, ಅಳಲಿಲ್ಲ. ಬೀದಿಯ ತಿರುವಿನಲ್ಲಿ ಅವನು ಹಿಂದಿನಿಂದ ಬಂದು ಸೇರಿಕೊಂಡಾಗ, "ನಿಮ್ಮ ಕೆಲ್ಸ ನೀವು ಮಾಡಿದ್ರಿ ಬಿಡಿ ಸಾರ್" ಎಂದು ಒಳಗೆ ಹೋದಳು. ಹೊಲಿಗೆ ಯಂತ್ರದ ಸದ್ದು ಅಂದು ಕೇಳಲಿಲ್ಲ.

ಊಟಕ್ಕೆ ಕೂತಾಗ ನಾನೇ ಮಾತು ತೆಗೆದೆ. "ಐದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?"

"ಇವತ್ತು ನಾನು ನಾಲ್ಕನ್ನ ಐದು ಅಂದ್ರೆ, ನಾಳೆ ಅವ್ರು ಮೂರನ್ನ ಐದು ಅಂತಾರೆ ಅತ್ತಿಗೆ."

"ನಾಳೆ ಅನ್ನೋದು ಅವಳಿಗೂ ಇದೆಯಲ್ಲಪ್ಪ."

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ.

ಮುಂದಿನ ಸಂಸತ್ತು ಬಂತು, ಗಿರಣಿಗೆ ಹೊಸ ಬಣ್ಣ ಬಂತು. ಇನ್ನೊಮ್ಮೆ ಅರ್ಜಿ ಹಾಕೋಣವೆಂದು ಇವನು ಹೇಳಿಕಳಿಸಿದರೆ ಅವಳು ಬೇಡವೆಂದು ತಲೆಯಾಡಿಸಿದಳಂತೆ. ಬೇಕೆಂದು ಎದ್ದುಹೋದವರನ್ನೂ ಕೂತವರೆಂದೇ ಎಣಿಸತಕ್ಕದ್ದು ಎಂದು ಅವನೊಂದು ತಿದ್ದುಪಡಿ ಬರೆದ, ಹತ್ತು ಸಲ ಹೊಡೆದು ಹತ್ತು ಸಲ ತಿದ್ದಿ. ಅದನ್ನು ನಿಯಮಗಳ ಸಮಿತಿಗೆ ಕಳಿಸಿದರು. ಸಮಿತಿಗೆ ಕೋರಂ ಆಗಲಿಲ್ಲ. ಅದನ್ನು ನನಗೆ ಹೇಳುವಾಗ ಅವನು ಮೊದಲ ಬಾರಿಗೆ ನಕ್ಕ. ಆ ನಗೆಯನ್ನು ನೋಡದಿದ್ದರೆ ಚೆನ್ನಾಗಿತ್ತು. ಜೇಬು ಮತ್ತೆ ಹರಿಯಿತು, ಅವನು ತೇಪೆ ಹಾಕಿಸಲು ಹೋಗಲಿಲ್ಲ. ನಾನು ಹಾಕುತ್ತೇನೆಂದರೂ ಕೊಡಲಿಲ್ಲ. ಬರಬರುತ್ತ ಬಲಗೈ ಹೊರಗೇ ತೂಗಾಡುತ್ತಿತ್ತು, ಯಾರದೋ ಕೈಯನ್ನು ಹೊತ್ತು ತಿರುಗುವವನ ಹಾಗೆ.

ಅವನು ಸತ್ತ ದಿನ ಬಂದವರು ಕಡಿಮೆ. ಗೋಡೆಗೆ ಇಟ್ಟ ಕುರ್ಚಿಗಳಲ್ಲಿ ಕೂತವರು ನಾಲ್ವರು. ಹೊಲಿಗೆಯವಳೂ ಬಂದಳು. "ಕೂತ್ಕೊಳ್ಳಮ್ಮ" ಅಂದೆ. "ಇಲ್ಲಮ್ಮ, ನಿಂತೇ ಇರ್ತೀನಿ" ಎಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಸೆರಗಿನೊಳಗೆ ನನ್ನ ಹೆಬ್ಬೆರಳು ತನ್ನಷ್ಟಕ್ಕೆ ಗೆಣ್ಣು ಹತ್ತಿ, ಅವಳನ್ನೂ ಸೇರಿಸಿ ಐದು ಎಂದಿತು.

ಇಂಥವರು ಎಲ್ಲ ಕಾಲದಲ್ಲೂ ಇರುತ್ತಾರೆ. ಹಿಂದೆಂದೋ ಕಂಡ ಅನ್ಯಾಯಕ್ಕೆ ಅಳತೆ ತೆಗೆದು ಬಾಗಿಲು ಮಾಡಿಸುತ್ತಾರೆ. ಮುಂದೆ ಬರುವ ಅನ್ಯಾಯ ಅದೇ ಬಾಗಿಲಿಗೆ ಒರಗಿ ನಿಂತು ಇವರ ಹೆಸರು ಹಿಡಿದು ಕೂಗುತ್ತದೆ. ಕೂಗಿದರೆ ಓಗೊಡದೆ ಇರಲಾರರು. ಸುಳ್ಳು ಹೇಳಲು ಬಾರದ ನಾಲಿಗೆ ಅವರದು. ಅವರನ್ನು ಕೆಟ್ಟವರೆನ್ನಲು ನನಗೆ ಬಾಯಿ ಬರುವುದಿಲ್ಲ, ಒಳ್ಳೆಯವರೆನ್ನಲು ಹೋದರೆ ಬಾಗಿಲಲ್ಲಿ ನಿಂತವಳು ಕಣ್ಣಿಗೆ ಬರುತ್ತಾಳೆ.