ಹದಿನೇಳನೇ ನಂಬರಿನ ಹುಡುಗನನ್ನು ನೋಡಲು ಹೋದದ್ದು

ನಿಜಗುಣನ ಸೋದರತ್ತೆ ಗುರುಬಸವ್ವನಿಗೆ ವಿಮಾನದೊಳಗೆ ಕೂರಲು ಭಯವಾಗಿರಲಿಲ್ಲ. ವಿಮಾನದ ಕೆಳಗೆ ಕೂರುವುದೇ ಭಯ. ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿನ ಅವನ ಮನೆಯ ಮೇಲೆ ಹಗಲೆಲ್ಲ ವಿಮಾನಗಳು ಚಕ್ರ ಬಿಚ್ಚಿಕೊಂಡು, ಹೊಟ್ಟೆ ತೋರಿಸಿಕೊಂಡು ಇಳಿಯುತ್ತಿದ್ದವು. ಧಾರವಾಡದಿಂದ ಬಂದು ವಾರ ತುಂಬುವುದರೊಳಗೆ ಆಕೆ, ಇವುಗಳಲ್ಲೊಂದು ಇವತ್ತಲ್ಲ ನಾಳೆ ಅಡುಗೆಮನೆಗೇ ಇಳಿಯುತ್ತದೆಂದು ತೀರ್ಮಾನಿಸಿ, ಒಬ್ಬಳೇ ಮನೆಯಲ್ಲಿರಲು ಸಾಫ್ ಒಲ್ಲೆನೆಂದಳು. ನಿಜಗುಣನ ಹೆಂಡತಿ ತೃಪ್ತಿಗೆ ಶನಿವಾರ, ಭಾನುವಾರ ನ್ಯೂಮಾರ್ಕೆಟ್ಟಿನ ಆಸ್ಪತ್ರೆಯಲ್ಲಿ ಡ್ಯೂಟಿ. ಹಾಗಾಗಿ 2017ರ ಆ ಚಳಿಗಾಲದಲ್ಲಿ ನಿಜಗುಣ ಹೋದ ಹೋದ ಐಸ್ ಹಾಕಿ ರಿಂಕಿಗೆಲ್ಲ ಗುರುಬಸವ್ವನೂ ಹೋದಳು. ಇಳಕಲ್ ಸೀರೆ, ಅದರ ಮೇಲೆ ತೃಪ್ತಿಯ ಕೋಟು, ತಲೆಗೆ ಮಂಗನ ಟೊಪ್ಪಿಗೆ, ಚೀಲದಲ್ಲಿ ಶೇಂಗಾ ಚಟ್ನಿ ಹಚ್ಚಿದ ಚಪಾತಿ.

ನಿಜಗುಣ ವಾರದ ದಿನಗಳಲ್ಲಿ ವಿಮಾನ ನಿಲ್ದಾಣದ ಸರಕು ವಿಭಾಗದ ನೌಕರ. ವಾರದ ಕೊನೆಗೆ ಐಸ್ ಹಾಕಿ ಸ್ಕೌಟ್. ಉತ್ತರದ ಊರೊಂದರ ಜೂನಿಯರ್ ತಂಡಕ್ಕಾಗಿ ಹದಿನೈದು ವರ್ಷದ ಹುಡುಗರ ಆಟ ನೋಡಿ, ಗೋಲು ಹೊಡೆಯುವ ಫಾರ್ವರ್ಡುಗಳಲ್ಲಿ ಯಾರು ಮುಂದೆ ದೊಡ್ಡ ಆಟಗಾರರಾದಾರು ಎಂದು ಅಂದಾಜು ಹೇಳುವುದು ಅವನ ಕೆಲಸ. ಏಪ್ರಿಲ್‌ನಲ್ಲಿ ಡ್ರಾಫ್ಟ್ ನಡೆಯುತ್ತದೆ; ಆಗ ತಂಡಗಳು ಸರದಿಯ ಮೇಲೆ ತಮಗೆ ಬೇಕಾದ ಹುಡುಗರನ್ನು ಆರಿಸಿಕೊಳ್ಳುತ್ತವೆ. ನಿಜಗುಣನಿಗೆ ಸ್ವತಃ ಸ್ಕೇಟಿಂಗ್ ಬರುತ್ತಿರಲಿಲ್ಲ. ಹತ್ತನೇ ವಯಸ್ಸಿಗೆ ಈ ದೇಶಕ್ಕೆ ಬಂದು, ಮಂಜಿನ ಮೇಲೆ ಬಿದ್ದು ಬಿದ್ದು ಸಾಕಾಗಿ ಬೆಂಚಿನ ಮೇಲೆ ಕೂತವನು, ಕೂತಲ್ಲೇ ನೋಡುವುದನ್ನು ಕಲಿತಿದ್ದ.

ಅವತ್ತು ಥಾರ್ನ್‌ಹಿಲ್ಲಿನ ರಿಂಕಿನಲ್ಲಿ ಅವನು ನೋಡಲು ಬಂದಿದ್ದದ್ದು ಹದಿನೇಳನೇ ನಂಬರಿನ ಹುಡುಗನನ್ನು. ಹೆಸರು ಚಿರಂತನ್. ಅಪ್ಪ ಅಮ್ಮ ಬೆಂಗಳೂರಿನವರು ಎಂಬುದು ನಿಜಗುಣನಿಗೆ ಗೊತ್ತಿತ್ತು. ತಾನು ಕನ್ನಡಿಗ ಎಂಬುದು ಅವರಿಗೆ ಗೊತ್ತಾಗದ ಹಾಗೆ ನವೆಂಬರಿನಿಂದ ಎಚ್ಚರವಹಿಸಿದ್ದ. ನಮ್ಮವನೆಂದು ಎತ್ತಿ ಹಿಡಿದ ಅಂತ ನಾಳೆ ಯಾರೂ ಅನ್ನಬಾರದಲ್ಲ. ಹುಡುಗನ ಅಪ್ಪ ಇವನನ್ನು ಗುಜರಾತಿಯೆಂದು ತಿಳಿದು ಎರಡು ಸಲ ನಕ್ಕು "ಕೇಮ್ ಛೋ?" ಎಂದಿದ್ದ. ನಿಜಗುಣ ತಾನೂ ನಕ್ಕು ಸುಮ್ಮನಾಗಿದ್ದ.

ಈ ಗುಟ್ಟನ್ನು ಗುರುಬಸವ್ವನಿಗೆ ಹೇಳುವುದನ್ನು ಅವನು ಮರೆತಿದ್ದ.

"ಏ ನಿಜ್ಯಾ," ಎಂದಳು ಆಕೆ, ಹೊಲದಾಚೆ ಇದ್ದವರನ್ನು ಕರೆಯುವ ದನಿಯಲ್ಲಿ. "ಆ ಹದಿನೇಳನೇ ನಂಬರಿನ ಹುಡುಗನ್ನ ನೋಡೋ. ಕಾಲೇನೋ ಛಲೋ ಅದಾವ. ಆದ್ರ ಮೈ ಅಂದ್ರ ಒಣಗಿದ ನುಗ್ಗಿಕಾಯಿ ಆಗೇತಿ. ಅವರವ್ವ ಹೊಟ್ಟಿಗೆ ಹಾಕತಾಳೋ ಇಲ್ಲೋ?"

ಎರಡು ಸಾಲು ಕೆಳಗೆ ನೀಲಿ ಜಾಕೆಟ್ಟಿನ ಹೆಂಗಸು ಮೆಲ್ಲಗೆ ತಿರುಗಿದಳು.

"ಹಾಕ್ತೀನಿ ಅಮ್ಮ," ಎಂದಳು. "ಅವನೇ ತಿನ್ನಲ್ಲ."

ಆಕೆ ಹುಡುಗನ ತಾಯಿ ವಸಂತಾ. ಪಕ್ಕದಲ್ಲಿದ್ದ ಗಂಡ ಭಾಸ್ಕರ ಮೊದಲು ಹೆಂಡತಿಯನ್ನು, ಆಮೇಲೆ ಗುರುಬಸವ್ವನನ್ನು, ಕೊನೆಗೆ ನಿಜಗುಣನ ಎದೆಯ ಮೇಲಿದ್ದ ತಂಡದ ಲಾಂಛನವನ್ನು ನೋಡಿದ. ಅವನ ಮುಖ ಹಬ್ಬದ ಮನೆಯ ಹಾಗಾಯಿತು.

"ಸಾರ್! ನೀವು ನಮ್ಮವರಾ ಸಾರ್?"

ಮುಂದಿನ ಅರ್ಧ ಆಟವನ್ನು ನಿಜಗುಣ ನೋಡಲೇ ಇಲ್ಲ. ಭಾಸ್ಕರ ಮೇಲೆ ಹತ್ತಿ ಬಂದು ಪಕ್ಕದಲ್ಲಿ ಕೂತು, ಮಗನ ಗಣಿತದ ಮಾರ್ಕ್ಸಿನಿಂದ ಶುರುಮಾಡಿದ್ದ. ವಸಂತಾ ಗುರುಬಸವ್ವನ ಕಾಲಿಗೆ ನಮಸ್ಕಾರ ಮಾಡಿ, ಬೂಟಿನ ಮೇಲಿದ್ದ ಹಿಮವನ್ನು ಕಣ್ಣಿಗೊತ್ತಿಕೊಂಡಿದ್ದಳು. ತಂಡದವರು ಹುಡುಗನ ಮನೆಗೆ ಬಂದು ಮಾತಾಡಿಸುವುದು ಪದ್ಧತಿ ಎಂದು ಗೊತ್ತಾದೊಡನೆ ಆಕೆ ಹೇಳಿದಳು: "ಭಾನುವಾರವೇ ಬನ್ನಿ. ರಾಹುಕಾಲ ಸಂಜೆಗೆ, ಹತ್ತು ಗಂಟೆಗೆ ಬಂದ್ಬಿಡಿ. ಅಮ್ಮನೂ ಬರಲೇಬೇಕು."

ಭಾನುವಾರ ನಿಜಗುಣ ಗುರುಬಸವ್ವನ ಜೊತೆಗೆ, ತಂಡದಲ್ಲಿ ತನ್ನ ಮೇಲಿನವನಾದ ಡಗ್‌ನನ್ನೂ ಕರೆದುಕೊಂಡು ಹೋದ. ಡಗ್ ಅರವತ್ತು ದಾಟಿದ, ಮೂಗು ಎರಡು ಕಡೆ ಮುರಿದು ಮೂರನೇ ಕಡೆ ತಿರುಗಿದ್ದ ಮನುಷ್ಯ. ದಾರಿಯಲ್ಲಿ ಅವನು ಕೇಳಿದ್ದು ಒಂದೇ: "ನಿಜ್, ಈ ಹುಡುಗನ ಕಾಲು, ಕೈ ಎಲ್ಲ ಸರಿ. ಮೂಲೆಗೆ ಹೋಗಿ ಪಕ್ ಕಿತ್ತುಕೊಂಡು ಬರ್ತಾನಾ? ಇವನಲ್ಲಿ ಒಂಚೂರಾದರೂ ದುಷ್ಟತನ ಇದೆಯಾ?" ನಿಜಗುಣನಿಗೂ ಅದೇ ಅನುಮಾನ. ರಿಂಕಿನ ಗೋಡೆಯ ಹತ್ತಿರ ಪಕ್ ಎಂಬ ಆ ರಬ್ಬರ್ ಬಿಲ್ಲೆಗಾಗಿ ನೂಕಾಟವಾದಾಗಲೆಲ್ಲ ಹುಡುಗ, ಬಸ್ಸಿನಲ್ಲಿ ಹಿರಿಯರಿಗೆ ಸೀಟು ಬಿಡುವವನಂತೆ ಸರಿದು ನಿಲ್ಲುತ್ತಿದ್ದ.

ಬಾಗಿಲು ತೆರೆದುಕೊಂಡಿತು. ಹೊಸಿಲಿಗೆ ರಂಗೋಲಿ. ಹಾಲಿನಲ್ಲಿ ಸೋಫಾಕ್ಕೆ ಹೊಸ ಹೊದಿಕೆ. ಟೀಪಾಯಿಯ ಮೇಲೆ ಉಪ್ಪಿಟ್ಟು, ಕೇಸರಿಬಾತು. ಭಾಸ್ಕರ ಇಸ್ತ್ರಿ ಮಾಡಿದ ಜುಬ್ಬಾದಲ್ಲಿ ಕೈಮುಗಿದು ನಿಂತಿದ್ದ. ಇಂಥ ಒಂದೇ ಒಂದು ಸಂದರ್ಭವನ್ನು ಗಂಡಹೆಂಡತಿ ತಮ್ಮ ಜೀವನದಲ್ಲಿ ನೋಡಿದ್ದರು, ಅದನ್ನೇ ಮತ್ತೆ ಏರ್ಪಡಿಸಿದ್ದರು. ಎಲ್ಲರೂ ಕೂತ ಮೇಲೆ ವಸಂತಾ ಒಳಕ್ಕೆ ಮುಖ ಮಾಡಿ ಕರೆದಳು, "ಚಿರೂ, ಬಾ ಕಂದ." ಹದಿನೇಳನೇ ನಂಬರಿನ ಜೆರ್ಸಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಸಿಕೊಂಡ ಹುಡುಗ ಕಾಫಿಯ ಟ್ರೇ ಹಿಡಿದು, ನೆಲ ನೋಡುತ್ತ ಬಂದ.

"ನಾಚಿಕಿ ಐತಿ. ಛಲೋ," ಎಂದಳು ಗುರುಬಸವ್ವ.

"ಏನಂದರು?" ಎಂದ ಡಗ್.

"ಶಿಸ್ತಿನ ಹುಡುಗ ಅಂದರು," ಎಂದ ನಿಜಗುಣ.

ಡಗ್ ಉಪ್ಪಿಟ್ಟಿನ ತಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡು ತನ್ನ ಮಾಮೂಲಿ ಪ್ರಶ್ನೆ ಎತ್ತಿದ. ಎದುರಾಳಿಯೊಬ್ಬ ಹಿಂದಿನಿಂದ ಬಂದು ನಿನ್ನನ್ನು ಗೋಡೆಗೆ ಅಪ್ಪಳಿಸಿದರೆ ನೀನೇನು ಮಾಡುತ್ತೀ?

ಹುಡುಗ ಬಾಯಿ ತೆರೆಯುವ ಮೊದಲೇ ಭಾಸ್ಕರ ಹೇಳಿದ: "ಹೀ ವಿಲ್ ಫರ್ಗಿವ್, ಸರ್."

ಡಗ್‌ನ ಚಮಚ ನಿಂತಿತು.

"ಯಾರ ಮೇಲೂ ಕೈ ಎತ್ತಿದವನಲ್ಲ," ಭಾಸ್ಕರ ಉತ್ಸಾಹದಿಂದ ಮುಂದುವರಿಸಿದ. ಹಸುವಿನಂಥ ಹುಡುಗ. ಶುದ್ಧ ಸಸ್ಯಾಹಾರಿ. ಜೇಡ ಕಂಡರೂ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುತ್ತಾನೆ. ಭಾಸ್ಕರ ಒಂದೊಂದು ಸದ್ಗುಣ ಹೇಳಿದ ಹಾಗೆಲ್ಲ ಡಗ್‌ನ ಮುಖ ಇಳಿಯುತ್ತಿರುವುದು ನಿಜಗುಣನಿಗೆ ಕಾಣುತ್ತಿತ್ತು. ಜೇಡದ ಹೊತ್ತಿಗೆ ಹುಡುಗ ಡ್ರಾಫ್ಟಿನಿಂದಲೇ ಹೊರಗೆ ಬಿದ್ದಿದ್ದ.

ಇನ್ನು ಗುರುಬಸವ್ವನ ಸರದಿ. "ಹುಡುಗ ಗೊರಕಿ ಹೊಡೀತಾನೇನು ಕೇಳು."

ನಿಜಗುಣ ಇಂಗ್ಲಿಷಿನಲ್ಲಿ, "ಆಟದ ನಂತರ ನಿದ್ದೆ ಹೇಗೆ ಬರುತ್ತೆ ಅಂತ ಕೇಳ್ತಿದ್ದಾರೆ," ಎಂದ.

"ಒಳ್ಳೆ ಪ್ರಶ್ನೆ," ಎಂದ ಡಗ್.

"ಐ ಡೋಂಟ್ ಸ್ನೋರ್!" ಎಂದ ಚಿರಂತನ್ ಕೆಂಪಾಗಿ. ಅವನಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು.

ಗುರುಬಸವ್ವ ಬಿಡಲಿಲ್ಲ. "ಹುಡುಗನ ಸೋದರಮಾವಂದಿರು ಎಷ್ಟೆತ್ತರ ಅದಾರ? ಅಪ್ಪನ್ನಂತೂ ನೋಡಿದ್ವಿ."

ಇದನ್ನು ನಿಜಗುಣ ಬದಲಾಯಿಸದೆ ಹೇಳಿದ, ಯಾಕೆಂದರೆ ಡಗ್ ಕೂಡ ಭಾಸ್ಕರನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅದೇ ಚಿಂತೆಯಲ್ಲಿದ್ದ. ಹುಡುಗ ಇನ್ನೂ ಬೆಳೆಯುತ್ತಾನಾ ಎಂಬುದು ಸ್ಕೌಟುಗಳ ದೊಡ್ಡ ಪ್ರಶ್ನೆ. ವಸಂತಾ ಓಡಿಹೋಗಿ ಮದುವೆಯ ಆಲ್ಬಮ್ ತಂದಳು. "ನೋಡಿ, ನಮ್ಮಣ್ಣ. ಆರಡಿ!" ಡಗ್ ಕನ್ನಡಕ ಏರಿಸಿ, ಹೆಬ್ಬೆರಳಿನಿಂದ ಅಳೆದು, ತೃಪ್ತಿಯಿಂದ ತಲೆದೂಗಿದ. ಆ ಆರಡಿಯಲ್ಲಿ ಮುಕ್ಕಾಲಡಿ ಮೈಸೂರು ಪೇಟದ್ದೆಂದು ನಿಜಗುಣ ಬಾಯಿಬಿಡಲಿಲ್ಲ.

ಆಗ ಅಡುಗೆಮನೆಯಲ್ಲಿ ತಟ್ಟೆಯ ಸದ್ದಾಯಿತು. ಚಿರಂತನ್‌ನ ತಂಗಿ ತನುಶ್ರೀ, ಹನ್ನೊಂದು ವರ್ಷದವಳು, ಗೋಡಂಬಿಯೇ ಹೆಚ್ಚಿದ್ದ ಕೊನೆಯ ತಟ್ಟೆ ಕೇಸರಿಬಾತನ್ನು ಎತ್ತಿಕೊಂಡು ಮಹಡಿಯ ಕಡೆ ನುಸುಳುತ್ತಿದ್ದಳು.

"ದಟ್ಸ್ ಮೈನ್!" ಎಂದ ಚಿರಂತನ್.

ಮುಂದೆ ನಡೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಹುಡುಗ ಟೀಪಾಯಿ ಹಾರಿದ. ಮಹಡಿಯ ಮೆಟ್ಟಿಲ ಬಳಿ ತಂಗಿಯನ್ನು ಅಡ್ಡಗಟ್ಟಿ, ಸೊಂಟ ತಗ್ಗಿಸಿ, ಭುಜ ಒಳಕ್ಕೆ ಕೊಟ್ಟು, ಚಪ್ಪಲಿ ಸ್ಟ್ಯಾಂಡಿಗೆ ಒತ್ತಿದ. ಆಕೆ ಮೊಣಕೈಯಿಂದ ಪಕ್ಕೆಗೆ ತಿವಿದಳು. ಅವನು ಲೆಕ್ಕಿಸಲಿಲ್ಲ. ಸ್ಟ್ಯಾಂಡು ಉರುಳಿ ಇಡೀ ಸಂಸಾರದ ಬೂಟುಗಳು ಚೆಲ್ಲಾಡಿದವು. ಆ ರಾಶಿಯೊಳಗಿಂದ ಚಿರಂತನ್ ಎದ್ದು ಬಂದ. ಕೈಯಲ್ಲಿ ತಟ್ಟೆ, ಹುಬ್ಬಿನ ಮೇಲೆ ಒಂದು ದ್ರಾಕ್ಷಿ.

"ಅಯ್ಯೋ, ಇವತ್ತಾದ್ರೂ ಮರ್ಯಾದೆ ಉಳಿಸಬಾರದೇನೋ!" ವಸಂತಾ ಹಣೆ ಹಿಡಿದುಕೊಂಡಳು.

"ದಿಸ್ ಈಸ್ ನಾಟ್ ಹಿಸ್ ನೇಚರ್, ಸರ್!" ಭಾಸ್ಕರ ಅಂಗಲಾಚಿದ.

ಡಗ್ ಮಾತ್ರ ಎದ್ದು ನಿಂತಿದ್ದ. ಕಣ್ಣಲ್ಲಿ ಹೊಸ ಬೆಳಕು. "ಇನ್ನೊಂದು ಸಲ," ಎಂದ. "ನಿಜ್, ನೀನು ತಟ್ಟೆ ತಗೋ. ಆ ಮೂಲೆಯಲ್ಲಿ ನಿಲ್ಲು."

ನಿಜಗುಣ ಬೇಡವೆಂದರೂ ಕೇಳಲಿಲ್ಲ. ಟಿವಿಗೂ ಸೋಫಾಕ್ಕೂ ನಡುವಿನ ಮೂಲೆಯಲ್ಲಿ, ಕಾಲುಚೀಲದಲ್ಲಿ, ಕೇಸರಿಬಾತನ್ನು ಎದೆಗವಚಿಕೊಂಡು ಅವನು ಗೋಡೆಗೆ ಮುಖ ಮಾಡಿ ನಿಂತ. ವಸಂತಾ ಗಾಜಿನ ಗೊಂಬೆಗಳನ್ನೆಲ್ಲ ಮಡಿಲಿಗೆ ತುಂಬಿಕೊಂಡಳು. ಇಂಥದ್ದಕ್ಕೆ ಅಪ್ಪಣೆ ಸಿಕ್ಕಿದ್ದು ಹುಡುಗನಿಗೆ ಜೀವನದಲ್ಲಿ ಮೊದಲ ಸಲ. ಅವನು ಬಂದು ತಾಗಿದ ರಭಸಕ್ಕೆ ನಿಜಗುಣನ ಕೆನ್ನೆ ಗೋಡೆಯ ಕ್ಯಾಲೆಂಡರಿಗೆ ಅಂಟಿತು.

"ಕಾಲು ಗಟ್ಟಿ ಊರೋ ನಿಜ್ಯಾ! ಮರ್ಯಾದಿ ತೆಗೀಬ್ಯಾಡ!" ಗುರುಬಸವ್ವ ಸೋಫಾದ ಅಂಚಿಗೆ ಬಂದು ಕೂತು ಕೂಗಿದಳು.

ನಿಜಗುಣ ಕಾಲೂರಿದ. ಮರದ ನೆಲ, ಉಣ್ಣೆಯ ಕಾಲುಚೀಲ. ಕಾಲು ಊರಿದಲ್ಲಿಂದ ಮುಂದಕ್ಕೆ ಹೋಯಿತು. ಅವನು ಬಾಲ್ಯದಲ್ಲಿ ಬಿದ್ದ ಹಾಗೆಯೇ ಬಿದ್ದ, ಈ ಸಲ ಒಂದು ಮನಿ ಪ್ಲಾಂಟಿನ ಕುಂಡದ ಮೇಲೆ. ಚಿರಂತನ್ ತಟ್ಟೆಯೊಂದಿಗೆ ಆಗಲೇ ಕೋಣೆಯ ಆಚೆ ತುದಿಯಲ್ಲಿದ್ದ. ಒಂದು ಗೋಡಂಬಿಯೂ ಉದುರಿರಲಿಲ್ಲ. ಆಮೇಲೆ ನೆನಪಾಗಿ ಓಡಿಬಂದು, "ಸಾರಿ ಅಂಕಲ್, ಆರ್ ಯು ಓಕೇ?" ಎಂದು ಕೈಕೊಟ್ಟು ಎಬ್ಬಿಸಿದ.

ವಾಪಸು ಬರುವಾಗ ನಿಜಗುಣನ ಸೊಂಟ ಹಿಡಿದುಕೊಂಡಿತ್ತು. ಡಗ್‌ನೇ ಕಾರು ಓಡಿಸಿದ. ಸ್ಟೀಲ್ಸ್ ರಸ್ತೆಯ ಸಿಗ್ನಲ್ಲಿನಲ್ಲಿ ಅವನು ಕೇಳಿದ: "ಇಡೀ ಚಳಿಗಾಲ ಈ ಹುಡುಗನನ್ನು ನೋಡಿದವನು ನೀನು. ಆದರೆ ನಿನ್ನ ವರದಿಗಳಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ. ಯಾಕೆ?"

ನಿಜಗುಣ ಕಿಟಕಿಯಾಚೆ ನೋಡಿದ. "ನಮ್ಮ ಭಾಷೆಯವನು ಅಂತ ಎತ್ತಿ ಹಿಡಿದೆ ಅನ್ನಬಾರದು ಅಂತ ಹೆದರಿದೆ. ಹೆದರಿ ಹೆದರಿ ಇದ್ದದ್ದಕ್ಕಿಂತ ಕಡಿಮೆ ಬರೆದೆ." ಬಾಯಿಂದ ಹೊರಗೆ ಬಿದ್ದ ಮೇಲೆ ಅದಕ್ಕೆ ಅವನಿಗೇ ನಾಚಿಕೆಯಾಯಿತು. "ಪಾದ ಚುರುಕು. ಕೈ ಅದಕ್ಕಿಂತ ಚುರುಕು. ಮೈ ತುಂಬಬೇಕು. ಪಕ್ ತನ್ನದು ಅಂತ ಅವನಿಗೆ ಇನ್ನೂ ಅನ್ನಿಸಿಲ್ಲ. ಅನ್ನಿಸಿದ ದಿನ ಯಾರೂ ತಡೆಯಲಾರರು. ಡ್ರಾಫ್ಟಿನ ಕೊನೆಯ ಸುತ್ತುಗಳಲ್ಲಿ ತಗೊಳ್ಳೋಣ."

"ಅತ್ತೆ ಏನಂತಾರೆ?"

ನಿಜಗುಣ ಅದನ್ನು ಕನ್ನಡದಲ್ಲಿ ಕೇಳಿದೊಡನೆ ಹಿಂದಿನ ಸೀಟಿನಿಂದ ಗುರುಬಸವ್ವ ಹೇಳಿದಳು: "ಹುಡುಗ ಬ್ಯಾಡ. ಆ ಹುಡುಗಿನ್ನ ತಗೋರಿ. ಪಕ್ಕಿಗೆ ತಿವಿದದ್ದು ನೋಡಲಿಲ್ಲೇನು?"

ಹುಡುಗಿಯನ್ನು ತೆಗೆದುಕೊಳ್ಳುವ ಅವಕಾಶ ಆ ಲೀಗಿನಲ್ಲಿ ಇರಲಿಲ್ಲ. ಏಪ್ರಿಲ್‌ನಲ್ಲಿ, ಕೊನೆಯಿಂದ ಎಣಿಸಿದರೆ ಬೇಗ ಸಿಗುವ ಸುತ್ತೊಂದರಲ್ಲಿ, ಚಿರಂತನ್‌ನ ಹೆಸರು ಬಂತು. ಭಾಸ್ಕರ ಫೋನಿನಲ್ಲಿ ಅತ್ತ. ಆಮೇಲೆ ವಸಂತಾ ಫೋನು ಕಿತ್ತುಕೊಂಡು ಅತ್ತಳು, ಆದರೆ ಅದು ಬೇರೆ ಅಳು. ತಂಡಕ್ಕೆ ಸೇರಿದ ಹುಡುಗರು ಆ ಊರಿನಲ್ಲಿ ಯಾರದೋ ಮನೆಯಲ್ಲಿ ಇದ್ದುಕೊಂಡು ಆಡಬೇಕು ಎಂದು ಆಕೆಗೆ ಆಗಷ್ಟೇ ತಿಳಿದಿತ್ತು. "ಇವನು ಗಂಡುಮಗು, ಇವನನ್ನ ಕಳಿಸಿಕೊಡೋ ಸಂಕಟ ನನಗಿಲ್ಲ ಅಂದ್ಕೊಂಡಿದ್ದೆ ಅಮ್ಮ," ಎಂದಳು ಗುರುಬಸವ್ವನಿಗೆ.

"ನೀ ಅಳಬ್ಯಾಡ ತಂಗಿ, ನಾ ಬರತೀನಿ," ಎಂದಳು ಗುರುಬಸವ್ವ.

ಮೊದಲ ಶಿಬಿರ ಬರೀ ವಾರದ ಕೊನೆಯದು. ಆದರೂ ಹೊರಡುವ ಬೆಳಿಗ್ಗೆ ಥಾರ್ನ್‌ಹಿಲ್ಲಿನ ಆ ಮನೆಯಲ್ಲಿ ಗುರುಬಸವ್ವ ಹುಡುಗನನ್ನು ಮಣೆಯ ಮೇಲೆ ನಿಲ್ಲಿಸಿ, ಜೆರ್ಸಿಯ ಅಂಚು ಹಿಡಿಸಿ, ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಉಡಿ ತುಂಬಿದಳು. "ಇಟ್ಸ್ ಎ ವೀಕೆಂಡ್, ಅಮ್ಮಾ," ಎಂದು ಹುಡುಗ ಗೋಗರೆದ. ತನುಶ್ರೀ ಎಲ್ಲವನ್ನೂ ವಿಡಿಯೋ ಮಾಡುತ್ತಿದ್ದಳು. ಭಾಸ್ಕರ ಕಣ್ಣೊರೆಸಿಕೊಳ್ಳುತ್ತ ಕಾರು ಹಿಂದಕ್ಕೆ ತೆಗೆದು ಪಕ್ಕದ ಮನೆಯ ಕಸದ ಡಬ್ಬಿಗೆ ಗುದ್ದಿದ. ನಿಜಗುಣ ಉಪ್ಪಿಟ್ಟು ತಿನ್ನುತ್ತ, ತಾನು ಬೀಗರ ಕಡೆಯವನೋ ಹುಡುಗನ ಕಡೆಯವನೋ ತಿಳಿಯದೆ, ಇಬ್ಬರ ಪರವಾಗಿಯೂ ಸ್ವಲ್ಪ ಕಣ್ಣು ತುಂಬಿಕೊಂಡ.

ಸೋಮವಾರ ಸಂಜೆ ಎಲ್ಲರೂ ಮತ್ತೆ ಅಲ್ಲೇ ಸೇರಿದರು. ಹುಡುಗ ತುಟಿ ಒಡೆದುಕೊಂಡು, ಖುಷಿಯಾಗಿ ಬಂದಿದ್ದ. ಮೂಲೆಗೆ ಹೋಗಿದ್ದನಂತೆ. ಈ ವರ್ಷ ಮನೆಯಲ್ಲೇ ಇದ್ದು, ಚೆನ್ನಾಗಿ ತಿಂದು, ಮುಂದಿನ ವರ್ಷ ಬಾ ಎಂದು ಡಗ್ ಹೇಳಿದ್ದ. ಭಾಸ್ಕರನಿಗೆ ಆಯ್ಕೆಯಾದ ಸಂತೋಷ, ವಸಂತಾಗೆ ಮಗ ಉಳಿದ ಸಂತೋಷ. ಗುರುಬಸವ್ವ ಮಾತ್ರ ಹುಡುಗನನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು:

"ಅಲ್ಲಿ ಊಟಕ್ಕ ಏನ್ ಹಾಕಿದ್ರಪಾ?"

"ಪಾಸ್ತಾ," ಎಂದ ಚಿರಂತನ್.

"ರಾತ್ರಿಗೆ?"

"ಪಾಸ್ತಾ."

"ಮರುದಿನ?"

ಹುಡುಗ ಭುಜ ಕುಣಿಸಿದ.

ಗುರುಬಸವ್ವ ನಿಟ್ಟುಸಿರುಬಿಟ್ಟು ವಸಂತಾಳ ಕಡೆ ತಿರುಗಿದಳು. "ಎಲ್ಲಾ ವಿಚಾರಿಸಿದ್ವಿ, ಇದೊಂದು ವಿಚಾರಿಸಲಿಲ್ಲ ನೋಡವ್ವಾ. ಎಂಥಾ ಮನಿಗೆ ಹುಡುಗನ್ನ ಕೊಟ್ಟಿವಿ!"